ಚೆಂಬಿನ ಸಾಲು ಮತ್ತು ಹೊಳೆಯಾಚೆಯ ಸೂಲಗಿತ್ತಿ

ತೇಗನಾಡಿನ ವೈದ್ಯಶಾಲೆಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ರೋಗಿ ಬಂದ ಕೂಡಲೇ ತನ್ನ ಚೆಂಬನ್ನು ಜಗಲಿಯ ಮೇಲೆ, ಮುಂಚೆ ಬಂದವರ ಚೆಂಬಿನ ಪಕ್ಕದಲ್ಲಿ ಇಡಬೇಕು. ವೈದ್ಯರು ಆ ಸಾಲಿನ ಪ್ರಕಾರವೇ ಒಳಗೆ ಕರೆಯುತ್ತಿದ್ದರು. ಬೆಳ್ಳಿಯ ಚೆಂಬಾದರೂ ಅಷ್ಟೆ, ಮಣ್ಣಿನ ಕುಡಿಕೆಯಾದರೂ ಅಷ್ಟೆ. ಒಮ್ಮೆ ರಾಜಮಾತೆಯೇ ಹಲ್ಲುನೋವೆಂದು ಬಂದು, ಮಧ್ಯಾಹ್ನದವರೆಗೆ ಒಬ್ಬ ಅಗಸಗಿತ್ತಿಯ ಹಿಂದೆ ಕುಳಿತಿದ್ದರು. ಸಾಲು ತಪ್ಪಿಸಿ ಮುಂದೆ ಹೋಗುವುದನ್ನು ಆ ನಾಡಿನವರು ಕಳ್ಳತನಕ್ಕಿಂತ ಕೀಳಾಗಿ ಕಾಣುತ್ತಿದ್ದರು. ಅವರಿಗೆ ಆ ಸಾಲಿನ ಬಗ್ಗೆ ಬಹಳ ಹೆಮ್ಮೆ. ಹೆಮ್ಮೆಗೆ ಕಾರಣವೂ ಇತ್ತು; ಈ ಕಥೆ ಕೇಳುವ ಮಕ್ಕಳು ಅದನ್ನು ಮರೆಯಬಾರದು.

ಹೊಳೆಯ ಆಚೆ ಉಪ್ಪುನಾಡು. ಅಲ್ಲಿಯ ಸೂಲಗಿತ್ತಿ ಚೆಲುವಾಜಮ್ಮ ನೆಂಟರ ಮನೆಗೆಂದು ಈಚೆ ಬಂದವಳು, ದೋಣಿಯಿಂದ ಇಳಿಯುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ವೈದ್ಯಶಾಲೆಗೆ ಬಂದು ಚೆಂಬಿಟ್ಟು ಕುಳಿತಳು. ಅವಳದು ಹನ್ನೆರಡನೆಯದು.

ಅಂಗಳದ ಬಾವಿಯಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಒಂದೊಂದು ಕೊಡ ನೀರು ಸೇದಿ ತೊಟ್ಟಿಗೆ ಸುರಿಯುತ್ತಿದ್ದರು. ಅದನ್ನು ಕಂಡು ಅವಳ ಮುಖ ಗಂಟಾಯಿತು.

“ಚೆನ್ನಾಗಿದ್ದಾರೆ ನಿಮ್ಮ ವೈದ್ಯರು. ಕಾಯಿಲೆಯವರ ಕೈಲಿ ನೀರು ಸೇದಿಸುತ್ತಾರೆ. ಇನ್ನು ಹೊಲ ಉಳುಮೆ ಮಾಡಿಸುವುದೊಂದು ಬಾಕಿ.”

ಸಾಲಿನ ಮೊದಲ ಚೆಂಬು ಮುದುಕ ಮರಿಯಪ್ಪನದು. ಬೆನ್ನ ಮೇಲೆ ದೊಡ್ಡ ಕುರು ಎದ್ದಿತ್ತು. ಒರಗಲೂ ಆಗದೆ ಹಿಂದಿನ ಸಂಜೆಯಿಂದ ನೆಟ್ಟಗೆ ಕುಳಿತಿದ್ದ.

“ಅಕ್ಕಯ್ಯ, ಬಾವಿಯ ಎದುರಿನ ಆ ಕಿಟಕಿ ನೋಡು,” ಎಂದ. “ವೈದ್ಯರು ಅಲ್ಲಿಂದ ನೋಡುತ್ತಿರುತ್ತಾರೆ. ಯಾರಿಗೆ ಏದುಸಿರು ಬರುತ್ತದೆ, ಯಾರ ತೋಳು ಮೇಲೇಳುವುದಿಲ್ಲ, ಎಲ್ಲ ಅಲ್ಲೇ ತಿಳಿದುಹೋಗುತ್ತದೆ. ನಮ್ಮ ಬೀಗರು ಹೊಟ್ಟೆನೋವು ಅಂತ ಬಂದಿದ್ದರು. ಅವರು ಬಾಯಿ ಬಿಡುವ ಮುಂಚೆಯೇ ವೈದ್ಯರು, ನಿಮ್ಮದು ಎದೆಯ ಕಾಯಿಲೆ ಅಂದರು.”

“ಬಂದು ಇಟ್ಟ ಚೆಂಬಿನ ನೀರು ಇನ್ನೂ ಅಲುಗಾಡುತ್ತಿದೆ, ಆಗಲೇ ನಮಗೆ ಪಾಠ,” ಎಂದು ಇನ್ನೊಬ್ಬ ಛೇಡಿಸಿದ. ಎಲ್ಲರೂ ನಕ್ಕರು.

ಚೆಲುವಾಜಮ್ಮನ ಕಿವಿ ಕೆಂಪಾಯಿತು. ಅವಳು ಹೇಳಿದ್ದು ತಪ್ಪಾಗಿತ್ತು. ಇನ್ನು ಈ ನಾಡಿನ ವಿಷಯಕ್ಕೆ ಬಾಯಿ ಹಾಕುವುದಿಲ್ಲವೆಂದು ತೀರ್ಮಾನಿಸಿದಳು.

ಅಷ್ಟರಲ್ಲಿ ಸಾಕಮ್ಮನೆಂಬ ಹೆಂಗಸು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದು ಹದಿಮೂರನೆಯ ಚೆಂಬಿಟ್ಟಳು. ಮಗುವಿಗೆ ಜ್ವರ. ಒಂದೇ ಸಮನೆ ಅಳುತ್ತಿತ್ತು. ಒಳಗೆ ವೈದ್ಯರು ಗಾಡಿಯ ಚಕ್ರಕ್ಕೆ ಸಿಕ್ಕಿ ಮುರಿದಿದ್ದ ಒಬ್ಬನ ಕಾಲನ್ನು ಕೂಡಿಸುತ್ತಿದ್ದರು. ಹೊತ್ತು ಏರಿತು. ಮಗುವಿನ ಅಳು ಸಣ್ಣದಾಯಿತು, ಆಮೇಲೆ ನಿಂತುಹೋಯಿತು.

“ಸದ್ಯ, ನೋವು ಇಳಿಯಿತು ಅಂತ ಕಾಣುತ್ತದೆ,” ಎಂದು ಸಾಕಮ್ಮ ಸೆರಗಿನಿಂದ ಅದರ ಜೊಲ್ಲು ಒರೆಸಿದಳು.

ಚೆಲುವಾಜಮ್ಮ ಮಗುವನ್ನು ನೋಡಿದಳು. ಉಸಿರು ಎಳೆದಾಗಲೆಲ್ಲ ಅದರ ಕೊರಳಿನ ಕುಳಿ ಒಳಕ್ಕೆ ಹೋಗುತ್ತಿತ್ತು. ಜೊಲ್ಲನ್ನು ನುಂಗಲೂ ಆಗುತ್ತಿರಲಿಲ್ಲ. ಆ ಮಗು ಸಮಾಧಾನವಾಗಿ ಸುಮ್ಮನಾಗಿರಲಿಲ್ಲ, ಅಳುವಷ್ಟು ಉಸಿರಿಲ್ಲದೆ ಸುಮ್ಮನಾಗಿತ್ತು. ಹೇಳಬೇಕೆಂದುಕೊಂಡಳು. ಬೆಳಗಿನ ನಗು ನೆನಪಾಗಿ ತುಟಿ ಬಿಗಿದುಕೊಂಡಳು. ಇದು ಅವರ ನಾಡು, ಅವರ ಸಾಲು, ಎಂದು ತನಗೆ ತಾನೇ ಹೇಳಿಕೊಂಡಳು. ಮಗುವಿನ ತುಟಿಯ ಬಣ್ಣ ಬದಲಾದಾಗ ಮಾತ್ರ ಅವಳಿಂದ ಕೂರಲಾಗಲಿಲ್ಲ.

“ಈ ಮಗುವನ್ನು ಈಗಲೇ ಒಳಗೆ ಬಿಡಿ. ಇದು ಹದಿಮೂರರವರೆಗೆ ಉಳಿಯುವುದಿಲ್ಲ.”

“ಮತ್ತೆ ಶುರುವಾಯಿತು,” ಎಂದ ಮರಿಯಪ್ಪ. “ನಿಮ್ಮ ನಾಡಿನಲ್ಲಿ ಎಲ್ಲ ಸರಿಯಾಗಿದೆಯೋ?”

“ಇಲ್ಲ,” ಎಂದಳು ಚೆಲುವಾಜಮ್ಮ. “ನಮ್ಮಲ್ಲಿ ಸಾಲೇ ಇಲ್ಲ. ಜೋರಾಗಿ ಕೂಗಿದವರು ಒಳಗೆ ಹೋಗುತ್ತಾರೆ. ನನ್ನ ಅತ್ತೆ ಮೂರು ದಿನ ಬಾಗಿಲಲ್ಲಿ ಕುಳಿತರು. ಕೂಗುವ ಅಭ್ಯಾಸವಿರಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು. ನಿಮ್ಮ ಸಾಲಿದ್ದಿದ್ದರೆ ಉಳಿಯುತ್ತಿದ್ದರೇನೋ. ಆದರೆ ಯಜಮಾನರೇ, ವೈದ್ಯರ ಕಿಟಕಿಗೆ ಬಾವಿ ಕಾಣುತ್ತದೆ, ಜಗಲಿ ಕಾಣುವುದಿಲ್ಲ. ತೊಡೆಯ ಮೇಲಿರುವ ಮಗು ನೀರು ಸೇದುತ್ತದೆಯೇ?”

ಯಾರೂ ನಗಲಿಲ್ಲ. ಆದರೆ ಸಾಕಮ್ಮನೇ ತಲೆಯಾಡಿಸಿದಳು.

“ಬೇಡಮ್ಮ. ಹನ್ನೆರಡು ಜನರ ತಲೆಯ ಮೇಲೆ ಕಾಲಿಟ್ಟು ನಾನು ಹೋಗಲಾರೆ. ನಾಳೆ ಊರಿನಲ್ಲಿ ಮುಖ ತೋರಿಸಬೇಕಲ್ಲ.”

ಮರಿಯಪ್ಪ ಎದ್ದು ಬಂದು ಮಗುವಿನ ಮೇಲೆ ಬಾಗಿದ. ಅದರ ಕೊರಳನ್ನು ಸ್ವಲ್ಪ ಹೊತ್ತು ನೋಡಿದ. ಹಿಂದಿರುಗಿ ಹೋಗಿ ಸಾಲಿನ ತಲೆಯಲ್ಲಿದ್ದ ತನ್ನ ಚೆಂಬನ್ನು ಎತ್ತಿಕೊಂಡ.

“ನನ್ನ ಚೆಂಬನ್ನು ನಾನು ಎತ್ತಿದ್ದೇನೆ. ಇಲ್ಲಿ ನಿನ್ನದನ್ನು ಇಡು, ಮಗಳೇ. ಹದಿಮೂರನೆಯದು ನನ್ನದು. ನಡುವೆ ಇರುವವರಿಗೆ ಒಂದು ಕ್ಷಣವೂ ಹೆಚ್ಚಾಗುವುದಿಲ್ಲ.”

ಸಾಕಮ್ಮ ತನ್ನ ಚೆಂಬನ್ನು ತಂದು ಅಲ್ಲಿಟ್ಟಳು. ಕಾಲು ಮುರಿದವನಿಗೆ ಆಗ ಕಟ್ಟು ಹಾಕಿ ಮುಗಿದಿತ್ತು. ಅವಳು ಮಗುವನ್ನು ಅವುಚಿಕೊಂಡು ಒಳಗೆ ಓಡಿದಳು.

ಮಗುವಿನ ಗಂಟಲೊಳಗೆ ಕೀವು ತುಂಬಿ ಉಸಿರಿನ ದಾರಿಯನ್ನೇ ಒತ್ತಿತ್ತು. ಕೀವು ಉಸಿರಿನ ದಾರಿಗೆ ಇಳಿಯದಂತೆ ವೈದ್ಯರು ಮಗುವನ್ನು ತಲೆಕೆಳಗಾಗಿ ಹಿಡಿಸಿ, ಸಣ್ಣ ಕತ್ತಿಯಿಂದ ಕೀವಿನ ಗಂಟನ್ನು ಒಡೆದರು. ಜಗಲಿಯ ಮೇಲಿದ್ದವರು ಕಾದರು. ಕೊನೆಗೆ ಒಳಗಿನಿಂದ ಗಟ್ಟಿಯಾದ ಅಳು ಕೇಳಿಸಿತು. ಮರಿಯಪ್ಪ ಹದಿಮೂರನೆಯ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ಅವನ ಸರದಿ ಬಂದಾಗ ಸಂಜೆಯಾಗಿತ್ತು.

ಚೆಲುವಾಜಮ್ಮನ ಕೈಗೆ ಕಟ್ಟು ಹಾಕುತ್ತ ವೈದ್ಯರು ಕೇಳಿದರು. “ಮಗುವಿನ ಪಕ್ಕದಲ್ಲೇ ಇದ್ದಿರಂತೆ. ನಿಮಗೆ ಯಾವಾಗ ಗೊತ್ತಾಯಿತು?”

“ಅಳು ನಿಂತಾಗಲೇ.”

“ಮತ್ತೇಕೆ ತಡ ಮಾಡಿದಿರಿ?”

“ಬೆಳಿಗ್ಗೆ ತಿಳಿಯದೆ ನಿಮ್ಮ ಬಾವಿಯನ್ನು ಹಳಿದು ನಗೆಪಾಟಲಾಗಿದ್ದೆ. ಹೊರಗಿನವಳು ನಾನು. ಇನ್ನೊಮ್ಮೆ ತಪ್ಪಿದರೆ ಎಂದು ನಾಚಿಕೆಯಾಯಿತು.”

ವೈದ್ಯರು ಕಟ್ಟನ್ನು ಬಿಗಿದರು. “ಬಾವಿಯ ಮಾತಿಗೆ ನಮ್ಮವರು ನಕ್ಕರು, ಅದು ಅಲ್ಲಿಗೆ ಮುಗಿಯಿತು. ಆ ಮಗು ಹೋಗಿದ್ದರೆ ನಿಮ್ಮ ಮೌನಕ್ಕೆ ಯಾರು ನಗುತ್ತಿದ್ದರು?”

ನೀತಿ: ಪರನಾಡಿನ ವೈದ್ಯಪದ್ಧತಿಯ ಬಗ್ಗೆ ಹೊರಗಿನವರು ಮಾತನಾಡಬಹುದು. ಆದರೆ ಮೊದಲು ಅಲ್ಲಿಯ ಜಗಲಿಯಲ್ಲಿ ಕುಳಿತು ನೋಡಬೇಕು, ತಮ್ಮ ನಾಡಿನ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಕೇಳುವವರು ಮಾತು ಯಾವ ದಡದಿಂದ ಬಂತೆಂದು ವಿಚಾರಿಸುವ ಮುಂಚೆ, ಅದು ನಿಜವೇ ಎಂದು ಎದ್ದು ಹೋಗಿ ನೋಡಬೇಕು. ಒಂದು ಜೀವ ಕಾಯುತ್ತಿರುವಾಗ, ತಪ್ಪಾದೀತೆಂದು ಸುಮ್ಮನಿರುವುದು ವಿನಯವಲ್ಲ.