ನೀರಿನ ಕೊಡೆ

ಹೊಳೆದಂಡೆಯ ಆಶ್ರಮದಲ್ಲಿ ಮರುಳಪ್ಪ ಗುರುಗಳು ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು. ಶಿಷ್ಯ ತಿಪ್ಪೇಶನಿಗೆ ಕೈ ಚುರುಕು. ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಅವತ್ತು ಅವನ ಅಕ್ಕ ಓಬಮ್ಮ ಒಂಬತ್ತು ವರ್ಷದ ಮೇಲೆ ತಮ್ಮನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ಕೂತಿದ್ದಳು. ಊರಿಗೆ ಕೊನೆಯ ಬಸ್ಸು ಮೂರು ಗಂಟೆಗೆ.

ತಿಪ್ಪೇಶ ಹೊರಗೆ ಬರಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆ ಕೋಣೆಯಲ್ಲಿ ನೀರ ಹನಿ ಸಿಡಿಯುವ ಫೋಟೊ ಹಿಡಿಯಲು ಬೆಳಗಿನಿಂದ ಬಟ್ಟಲಿಗೆ ಹನಿ ಬೀಳಿಸುತ್ತಿದ್ದ. ಹೊಳೆ ನೀರಾದರೆ ಕಸ ಕಾಣುತ್ತದೆಂದು ಕುಡಿಯುವ ನೀರನ್ನೇ ತುಂಬಿದ್ದ.

ಗುರುಗಳು ಒಳಗೆ ಬಂದರು.

“ನಿಮ್ಮಕ್ಕ ಬಂದಾಗಿನಿಂದ ಒಂದು ಲೋಟ ನೀರೂ ಕುಡಿದಿಲ್ಲ ಕಣೋ. ತಮ್ಮ ಕೊಟ್ಟರೆ ಕುಡೀತೀನಿ ಅಂತಾಳೆ.”

“ಹೋಗೋಕೆ ಹೇಳಿ ಗುರುಗಳೇ. ಅವಳನ್ನ ನೆನೆದರೇ ಮೈ ಉರಿಯುತ್ತೆ.”

“ಅಂಥದ್ದೇನು ಮಾಡಿದಳು?”

“ಅಪ್ಪನ ತಿಥಿ ಊಟಕ್ಕೆ ಊರೆಲ್ಲ ಕೂತಿತ್ತು. ಅಷ್ಟು ಜನರ ಮುಂದೆ, ‘ಅಪ್ಪ ಸಾಯೋವಾಗ ಯಾರ ಮದುವೆ ಫೋಟೊ ಹೊಡೀತಿದ್ದೆ?’ ಅಂದಳು. ಕೈಯಲ್ಲಿ ಸಾರಿನ ಸೌಟು ಹಿಡಿದಿದ್ದಳು. ಇವತ್ತಿಗೂ ಹಾಗೇ ಕಣ್ಣ ಮುಂದಿದೆ.”

“ನೀನೇನಂದೆ?”

ತಿಪ್ಪೇಶ, ಹನಿ ಬಿದ್ದ ಕ್ಷಣಕ್ಕೆ ಸರಿಯಾಗಿ ಫ್ಲ್ಯಾಶ್ ಹೊತ್ತಿಸುವ ಟ್ರಿಗರಿನ ವೈರು ಸರಿಮಾಡುವವನಂತೆ ತಲೆ ತಗ್ಗಿಸಿದ.

“ನನ್ನ ಪಾಲಿಗೆ ನೀನೂ ಸತ್ತೆ ಅಂದೆ.”

ಗುರುಗಳು ಗೋಡೆಗೆ ಒರಗಿ ಕೂತರು. “ಸರಿ, ನಿನ್ನ ಕೆಲಸ ಮಾಡು.”

ಮೊದಲ ಹನಿ ಬಿತ್ತು. ಬಿದ್ದಲ್ಲಿಂದ ನೀರು ಕಂಬದ ಹಾಗೆ ಎದ್ದಿತು. ಎರಡನೇ ಹನಿ ಅದರ ನೆತ್ತಿಗೆ ಬಡಿಯಿತು. ಟ್ರಿಗರ್ ಫ್ಲ್ಯಾಶನ್ನು ಮಿಂಚಿಸಿತು.

ಇನ್ನೂರು ಸಲ ತಪ್ಪಿದ್ದು ಈ ಸಲ ಸಿಕ್ಕಿತ್ತು. ಕ್ಯಾಮೆರಾದ ಪರದೆಯಲ್ಲಿ ನೀರು ಬಿಚ್ಚಿದ ಕೊಡೆಯಾಗಿ ನಿಂತಿತ್ತು. ಅಂಚಿನಿಂದ ಸಿಡಿದ ಮಣಿಗಳೂ ಗಾಳಿಯಲ್ಲೇ ಇದ್ದವು.

“ನೋಡಿ ಗುರುಗಳೇ,” ಎಂದ ತಿಪ್ಪೇಶ. ಬೆಳಗಿನಿಂದ ಮೊದಲ ಸಲ ನಕ್ಕಿದ್ದ.

ಗುರುಗಳು ನೋಡಿದರು. ಎದ್ದು ಕಂಬಳಿಯನ್ನು ಕಿತ್ತು ಹಾಕಿದರು. ಕೋಣೆಯೊಳಗೆ ಬಿಸಿಲು ಬಂತು.

“ಚೆನ್ನಾಗಿದೆ. ಆ ಕೊಡೆಯನ್ನ ಬಟ್ಟಲಿನಿಂದ ಎತ್ತಿಕೊಡು.”

“ಅದೆಲ್ಲಿರುತ್ತೆ? ಆಗಲೇ ನೀರಲ್ಲಿ ನೀರಾಗಿ ಹೋಯ್ತು.”

“ಇಲ್ಲಿ ನಿಂತಿದೆಯಲ್ಲ.” ಗುರುಗಳು ಕ್ಯಾಮೆರಾವನ್ನು ಅವನ ಮುಖಕ್ಕೆ ಹಿಡಿದರು.

ತಿಪ್ಪೇಶ ರೇಗಿದ. “ನಿಲ್ಲಿಸಿದ್ದು ಫ್ಲ್ಯಾಶು. ನೀರು ಹಾಗಿದ್ದದ್ದು ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ನೀವೇ ಕಲಿಸಿದ್ದು, ಈಗ ನನ್ನನ್ನ ಕೆಣಕ್ತೀರ.”

ಗುರುಗಳಿಗೂ ಸಿಟ್ಟು ಬಂತು. ಅವರೇನು ಕಲ್ಲಲ್ಲ. ಬಟ್ಟಲನ್ನೆತ್ತಿ ನೀರನ್ನು ಲೋಟಕ್ಕೆ ಬಗ್ಗಿಸಿ, ಲೋಟವನ್ನು ಅವನ ಕೈಗೆ ತುರುಕಿದರು. ಮೂರಕ್ಕೆ ಹತ್ತು ನಿಮಿಷ ಇತ್ತು.

“ಒಂಬತ್ತು ವರ್ಷದಿಂದ ಸೌಟು ಹಿಡಿದವಳ ಒಂದೇ ಫೋಟೊ ನೋಡಿಕೊಂಡು ಉರೀತಿದ್ದೀಯ. ಬಾಗಿಲಲ್ಲಿ ಕೂತಿರೋಳಿಗೆ ಬಾಯಾರಿದೆ, ಹೋಗಿ ಕೊಡು.”