ಸಿಲಿಕಾನ್ ಬಿಲ್ಲೆಗೆ ಹಚ್ಚಿದ ಕುಂಕುಮ

ಜಗತ್ತಿನ ಮೊತ್ತಮೊದಲ ವಿಕಿರಣ ಅಳೆಯುವ ಯಂತ್ರ ಕಟ್ಟಿದವನು ನಾನೇ.

ಸುಳ್ಳು. ನನಗೆ ಟಾರ್ಚಿಗೆ ಸೆಲ್ ಹಾಕಲೂ ಬರುವುದಿಲ್ಲ. ಆದರೆ ಭರಮಪ್ಪ ಮೇಷ್ಟ್ರ ಈ ಕಥೆ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಯಾವುದು ಅಂತ ನನಗೂ ಮರೆತುಹೋಗಿದೆ.

ಹೊಳೆ ದಂಡೆಯಲ್ಲಿ ಮೇಷ್ಟ್ರ ಆಶ್ರಮ. ಅಲ್ಲಿ ಮೂರ್ತಿ ಇರಲಿಲ್ಲ. ಒಂದು ಉಕ್ಕಿನ ಡಬ್ಬಿ, ಅದರೊಳಗೆ ರೂಪಾಯಿಯಗಲದ ಸಿಲಿಕಾನ್ ಬಿಲ್ಲೆ.

ಊರೂರಿನ ನೀರನ್ನು ತಟ್ಟೆಯಲ್ಲಿ ಇಂಗಿಸಿ, ಉಳಿದ ಕರೆಯನ್ನು ಬಿಲ್ಲೆಯ ಎದುರಿಗಿಟ್ಟು, ಡಬ್ಬಿಯ ಗಾಳಿ ತೆಗೆದು ಕಾಯುವುದು. ನೀರಿನಲ್ಲಿ ವಿಕಿರಣವಿದ್ದರೆ ಅದರ ಕಣ ಬಂದು ಬಿಲ್ಲೆಗೆ ಬಡಿಯುತ್ತದೆ. ಬಡಿದಾಗೊಮ್ಮೆ ಟಿಕ್.

ಒಂದು ಬೆಳಿಗ್ಗೆ ಶಿಷ್ಯ ಓಬಳೇಶ ಕುಣಿಯುತ್ತಾ ಬಂದ.

"ಗುರುಗಳೇ, ಕೆಂಚಮ್ಮನವರು ತಂದುಕೊಟ್ಟ ಅವರೂರಿನ ಹೊಸ ಬೋರ್‌ವೆಲ್ ನೀರು ಅಮೃತ! ಎರಡು ದಿನ ಇಟ್ಟರೂ ಒಂದು ಟಿಕ್ ಇಲ್ಲ."

"ಒಂದೂ ಇಲ್ಲವಾ?"

"ಒಂದೂ ಇಲ್ಲ. ಕುಡಿಯಬಹುದು ಅಂತ ಬರೆದು ಸಹಿ ಹಾಕಿ ಕೊಟ್ಟೂ ಆಯ್ತು. ಅವರು ಹೊರಗೆ ಬಸ್ಸಿಗೆ ಕಾಯ್ತಿದ್ದಾರೆ."

ಮೇಷ್ಟ್ರು ಹಣೆ ಒತ್ತಿಕೊಂಡರು. "ಖಾಲಿ ತಟ್ಟೆ ಇಟ್ಟರೂ ಎರಡು ದಿನಕ್ಕೆ ನಾಲ್ಕೈದು ಸಲ ಟಿಕ್ ಅನ್ನುತ್ತಲ್ಲೋ! ಅಮೃತ ಅಂತೆ, ಅಮೃತ. ಡಬ್ಬಿ ತೆಗಿ."

ತೆಗೆದ. ಬಿಲ್ಲೆಯ ತುಂಬ ವಿಭೂತಿ. ನಡುವೆ ಗಟ್ಟಿಯಾಗಿ ಕುಂಕುಮ.

"ಇದೇನೋ ಇದು?"

"ಮೊನ್ನೆ ಆಯುಧಪೂಜೆ ಅಲ್ವಾ ಗುರುಗಳೇ. ಪಂಪಿಗೆ, ಕಂಪ್ಯೂಟರಿಗೆ, ನಿಮ್ಮ ಸ್ಕೂಟರಿಗೆ, ಎಲ್ಲಕ್ಕೂ ಹಚ್ಚಿದೆ. ನಿಜವಾಗಿ ದುಡಿಯೋದು ಇದೇ ಅಂತ ಇದಕ್ಕೆ ಸ್ವಲ್ಪ ಜಾಸ್ತಿ."

"ಅಯ್ಯೋ ನನ್ನ ಕರ್ಮವೇ! ಒಂದು ಹಾಳೆ ಅಡ್ಡ ಹಿಡಿದರೂ ನಿಂತುಹೋಗೋ ಕಣ ಅದು ಅಂತ ಆರು ತಿಂಗಳಿಂದ ಬಡಕೊಂಡೆನಲ್ಲೋ!"

"ಹಾಳೆ ಇಟ್ಟಿಲ್ಲ ಗುರುಗಳೇ, ದೇವರಾಣೆ. ಒರೆಸಿಬಿಡಲಾ?"

"ಮುಟ್ಟಬೇಡ! ಒಂದು ಸಲ ಮುಟ್ಟಿ ಕೊಂದಿದ್ದು ಸಾಕು."

ಮೇಷ್ಟ್ರು ಕಿಟಕಿಯಿಂದ ಕೂಗಿದರು. "ಕೆಂಚಮ್ಮನೋರೇ, ಬಸ್ ಹತ್ತಬೇಡಿ! ಆ ಕಾಗದ ಹಿಡಕೊಂಡು ಬನ್ನಿ!"

ಆಮೇಲೆ ಓಬಳೇಶನ ಕನ್ನಡಕ ಕಿತ್ತುಕೊಂಡು, ಎರಡೂ ಗಾಜಿಗೆ ಕುಂಕುಮ ಮೆತ್ತಿ, ಅವನ ಮೂಗಿನ ಮೇಲೆ ಕೂರಿಸಿದರು.

"ಬಾಗಿಲಲ್ಲಿ ಯಾರಿದ್ದಾರೆ, ನೋಡು."

"ಯಾರೂ ಕಾಣ್ತಿಲ್ಲ ಗುರುಗಳೇ."

"ಯಾರೂ ಇಲ್ಲ ಅಂತ ಬರೆದು ಸಹಿ ಹಾಕು."

"ಯಾಕಪ್ಪಾ ಇಲ್ಲ?" ಬಾಗಿಲಲ್ಲಿ ಏದುಸಿರು ಬಿಡುತ್ತಾ ಕೆಂಚಮ್ಮ ಹೇಳಿದಳು. "ಇಷ್ಟುದ್ದ ನಿಂತಿದೀನಿ, ಕಣ್ಣು ಹೋಯ್ತಾ ನಿಂಗೆ?"

ಓಬಳೇಶ ಕನ್ನಡಕ ತೆಗೆದ. ಕೆಂಚಮ್ಮನ ಕೈಯಿಂದ ಕಾಗದ ಇಸಕೊಂಡು ತಾನೇ ಹರಿದ.

ಹೊಸ ಬಿಲ್ಲೆ ಕೂರಿಸಿದರು. ಎರಡು ದಿನ ಕಾಯಬೇಕಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಏಳುವಷ್ಟರಲ್ಲಿ ಡಬ್ಬಿ ಬಾಣಲೆಯಲ್ಲಿ ಹುರಿಯುವ ಕಡಲೆಯ ಹಾಗೆ ಸಿಡಿಯುತ್ತಿತ್ತು.

ಕೆಂಚಮ್ಮ ಜಗಲಿಗೆ ಹೋಗಿ ಕೂತಳು.

"ಗುರುಗಳೇ," ಓಬಳೇಶ ಮೆಲ್ಲಗೆ ಹೇಳಿದ, "ಮೂರು ವರ್ಷ ಎರಡು ಮೈಲಿ ಕೊಡ ಹೊತ್ತಿದ್ದಾರಂತೆ. ಈಗ ಮನೆ ಬಾಗಿಲಿಗೆ ನೀರು ಬಂದಿದೆ. ಕುಡೀಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಊರಿಗೆ ಊರೇ ಬೈಯುತ್ತೆ."

ಮೇಷ್ಟ್ರು ಹೊಸ ಕಾಗದ ಅವನ ಮುಂದೆ ತಳ್ಳಿದರು.

"ಬೈಯಲಿ ಬಿಡೋ ಮಾರಾಯ. ಬೈಯೋದಕ್ಕೂ ಬದುಕಿರಬೇಕಲ್ಲ."