ತೆರೆಯದ ಫಿಲ್ಟರ್

ನದಿ ದಡದ ಆಶ್ರಮಕ್ಕೆ ಬಂದ ತಿಪ್ಪೇಸ್ವಾಮಿ ಮೂರು ದಿನ ಯಾರೊಂದಿಗೂ ಮಾತಾಡದೆ ಅಂಗಳ ಗುಡಿಸಿದ. ನಾಲ್ಕನೆಯ ದಿನ ಗುರುಗಳ ಮುಂದೆ ಕೈಕಟ್ಟಿ ನಿಂತು, ತನಗೆ ಮೌನದ ದೀಕ್ಷೆ ಕೊಡಬೇಕೆಂದು ಬೇಡಿಕೊಂಡ.

ಯಾಕೆಂದು ಗುರುಗಳು ಕೇಳಿದರು.

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ವಿಮಾನ ಅಪಘಾತಗಳ ತನಿಖೆ ಮಾಡುವುದು ಅವನ ಕೆಲಸವಾಗಿತ್ತು. ಮೂರು ವರ್ಷದ ಹಿಂದೆ ಒಂದು ಪ್ರಯಾಣಿಕರ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಎರಡೂ ಎಂಜಿನ್ ನಿಂತು ಜೋಳದ ಹೊಲಕ್ಕೆ ಬಿತ್ತು. ನಲವತ್ತೊಂದು ಜನ ಸತ್ತರು. ಪೈಲಟ್ ಮಾಚಯ್ಯನೂ ಉಳಿಯಲಿಲ್ಲ.

ಅವಶೇಷಗಳಲ್ಲಿ ಎರಡನೆಯ ಎಂಜಿನ್ನಿನ ಸ್ವಿಚ್ಚು ಆಫ್ ಆಗಿತ್ತು. ಮೊದಲನೆಯದು ಕೆಟ್ಟಾಗ ಪೈಲಟ್ ಗಾಬರಿಬಿದ್ದು, ಚೆನ್ನಾಗಿದ್ದ ಇನ್ನೊಂದನ್ನು ತಾನೇ ಆರಿಸಿದನೆಂದು ತಿಪ್ಪೇಸ್ವಾಮಿ ಒಂದು ವರ್ಷದ ತನಿಖೆಯ ನಂತರ ವರದಿ ಬರೆದ.

ಆ ಎರಡನೆಯ ಎಂಜಿನ್ನಿಗೆ ಇಂಧನ ಸೋಸಿಕೊಡುವ ಫಿಲ್ಟರನ್ನು ಅವನು ಬಿಚ್ಚಿ ನೋಡಿರಲಿಲ್ಲ. ‘ಪರೀಕ್ಷಿಸಲಾಗಿದೆ’ ಎಂದು ಮಾತ್ರ ಬರೆದಿದ್ದ.

ವರದಿ ಹೊರಬಿದ್ದು ಆರು ತಿಂಗಳಾದ ಮೇಲೆ, ಅವಶೇಷಗಳನ್ನಿಟ್ಟಿದ್ದ ಉಗ್ರಾಣ ಖಾಲಿ ಮಾಡಿಸುವಾಗ, ಆ ಫಿಲ್ಟರನ್ನು ಬಿಚ್ಚಿದ. ಒಳಗೆಲ್ಲ ಕೊಳೆ ಕಟ್ಟಿಕೊಂಡಿತ್ತು. ಇಂಧನ ಸಿಗದೆ ಎಂಜಿನ್ ತಾನಾಗಿಯೇ ನಿಂತಿತ್ತು. ಮತ್ತೆ ಹೊತ್ತಿಸಲೆಂದು ಮಾಚಯ್ಯ ಸ್ವಿಚ್ಚನ್ನು ಆರಿಸಿ, ಹಾಕಿ, ಆರಿಸುತ್ತಿದ್ದಾಗ ನೆಲ ಬಂದುಬಿಟ್ಟಿತ್ತು.

"ಆಮೇಲೆ?" ಎಂದರು ಗುರುಗಳು.

"ಫಿಲ್ಟರನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ, ಗುರುಗಳೇ. ಮಾಚಯ್ಯನವರ ಮಗಳು ಕಾಗದ ಬರೆದಿದ್ದಳು. ನಮ್ಮಪ್ಪ ಹಾಗೆ ಮಾಡುವವರಲ್ಲ, ಇನ್ನೊಮ್ಮೆ ನೋಡಿ ಅಂತ. ಉತ್ತರ ಕೊಡಲಿಲ್ಲ."

"ಹಾಗಾದರೆ ಒಂದೂವರೆ ವರ್ಷದಿಂದ ಮೌನದಲ್ಲೇ ಇದ್ದೀಯ. ಇನ್ನು ನಾನೇನು ಕೊಡಲಿ?"



ಗುರುಗಳು ಒಳಗಿನಿಂದ ಕಾಗದ, ಪೆನ್ನು ತಂದು ಅವನ ಮುಂದಿಟ್ಟರು. ಅವನು ಮಧ್ಯಾಹ್ನದವರೆಗೆ ಬರೆದ, ಹರಿದ, ಮತ್ತೆ ಬರೆದ. ಕೊನೆಗೆ ಒಪ್ಪಿಸಿದ ಹಾಳೆಯಲ್ಲಿ, ‘ಫಿಲ್ಟರಿನ ಪರೀಕ್ಷೆಯಲ್ಲಿ ಲೋಪ ಉಂಟಾಗಿರುತ್ತದೆ’ ಎಂದಿತ್ತು.

ಗುರುಗಳು ಓದಿ ಹಿಂದಿರುಗಿಸಿದರು.

"ಇದರಲ್ಲಿ ಯಾರೂ ಕಾಣುವುದಿಲ್ಲವಲ್ಲ."

 ಅವನು ಆ ಸಾಲನ್ನು ಹೊಡೆದುಹಾಕಿ ಬರೆದ: ‘ನಾನು ಫಿಲ್ಟರ್ ಬಿಚ್ಚಿ ನೋಡಲಿಲ್ಲ. ನೋಡಿದೆನೆಂದು ಸುಳ್ಳು ಬರೆದೆ. ಕ್ಯಾಪ್ಟನ್ ಮಾಚಯ್ಯ ತಪ್ಪು ಮಾಡಿಲ್ಲ.’ ಕೆಳಗೆ ಸಹಿ ಹಾಕಿದ. ಸಹಿ ಸೊಟ್ಟಗಾಯಿತು.

ಒಂದು ಪ್ರತಿ ಇಲಾಖೆಗೆ ಅಂಚೆಯಲ್ಲಿ ಹೋಯಿತು. ಮಾಚಯ್ಯನ ಮಗಳಿಗೂ ಅಂಚೆಯಲ್ಲೇ ಕಳಿಸುತ್ತೇನೆಂದ. ಗುರುಗಳು ಎದ್ದು, ಅವನ ಚೀಲವನ್ನು ತಾವೇ ಎತ್ತಿಕೊಂಡು ದೋಣಿಯ ಕಡೆ ನಡೆದರು.

ದೋಣಿ ಹತ್ತುವ ಮುನ್ನ ಅವನು ತಿರುಗಿ ಕೇಳಿದ.

"ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲಲಿ, ಗುರುಗಳೇ?"

ಚೀಲವನ್ನು ಅವನ ಕೈಗಿಟ್ಟು ಗುರುಗಳು ಹೇಳಿದರು:

"ಇರುವುದನ್ನೇ ಹೊತ್ತು ಹೋಗು. ಅವಳು ಕಾಯುತ್ತಿರುವುದು ನಿನ್ನ ಮುಖಕ್ಕಲ್ಲ."